ಎಂ.ಎ. ಇಂಗ್ಲಿಷ್ ಪ್ರವೇಶ ಪರೀಕ್ಷೆಗೆ ಇಗ್ನೋದ ಉಚಿತ ಪಾಠಗಳು: ಎಲ್ಲಿ ಸಾಕು, ಎಲ್ಲಿ ಸಾಲದು

ಹೈದರಾಬಾದ್, ದೆಹಲಿ, ಬನಾರಸ್‌ನಂಥ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಎಂ.ಎ. ಮಾಡಬಯಸುವ ನಮ್ಮ ಪದವೀಧರರು ಈಗ ಸಿಯುಇಟಿ-ಪಿಜಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯನ್ನು ಎದುರಿಸಬೇಕಾಗಿದೆ. 2022ರಲ್ಲಿ ಆರಂಭವಾದ ಈ ಪರೀಕ್ಷೆಗೆ ಸಾವಿರಾರು ರೂಪಾಯಿ ಶುಲ್ಕದ ಆನ್‌ಲೈನ್ ಕೋಚಿಂಗ್ ಧಾರಾಳವಾಗಿ ಸಿಗುತ್ತದೆ. ಆದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು (ಇಗ್ನೋ) ತನ್ನ ಎಂ.ಎ. ಇಂಗ್ಲಿಷ್ ಪಾಠಗಳನ್ನು ಇಜ್ಞಾನಕೋಶ್ ತಾಣದಲ್ಲಿ ಪುಕ್ಕಟೆಯಾಗಿ ಇರಿಸಿದ್ದು, ಹಣ ಕಟ್ಟುವ ಮೊದಲು ಅವನ್ನು ಓದಿ ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇಡೀ ಸರಣಿಯಲ್ಲಿ ಅತ್ಯಂತ ಉಪಯುಕ್ತವಾದದ್ದು ಎಂಇಜಿ-05, ಅಂದರೆ ಸಾಹಿತ್ಯ ವಿಮರ್ಶೆ ಮತ್ತು ಸಿದ್ಧಾಂತದ ಪತ್ರಿಕೆ. ಪ್ಲೇಟೋ, ಅರಿಸ್ಟಾಟಲ್‌ರಿಂದ ಹೊರಟು ರೊಮ್ಯಾಂಟಿಕ್ ವಿಮರ್ಶೆ, ನ್ಯೂ ಕ್ರಿಟಿಸಿಸಂ, ಮಾರ್ಕ್ಸ್‌ವಾದ, ಸ್ತ್ರೀವಾದ, ಡಿಕನ್‌ಸ್ಟ್ರಕ್ಷನ್‌ಗಳವರೆಗೆ ಸಾಗುವ ಈ ಪಾಠಗಳು, ಒಂದು ಚಿಂತನೆ ಅದಕ್ಕಿಂತ ಹಿಂದಿನದರ ಯಾವ ಕೊರತೆಗೆ ಉತ್ತರವಾಗಿ ಹುಟ್ಟಿತು ಎಂಬುದನ್ನು ಬಿಡಿಸಿ ಹೇಳುತ್ತವೆ. ಪದವಿ ತರಗತಿಗಳಲ್ಲಿ ಐಚ್ಛಿಕ ಇಂಗ್ಲಿಷ್ ಓದಿದವರಿಗೂ ಸಾಮಾನ್ಯವಾಗಿ ತೊಡಕೆನಿಸುವ ಭಾಗವೇ ಇದು. ಕನ್ನಡದ ನವ್ಯ ವಿಮರ್ಶೆಯ ಪರಿಚಯವಿರುವವರಿಗೆ ಮಾತ್ರ ನ್ಯೂ ಕ್ರಿಟಿಸಿಸಂ ಭಾಗದಲ್ಲಿ ಹಳೆಯ ನೆಂಟರ ಮನೆಗೆ ಹೋದಂತಾದರೆ ಆಶ್ಚರ್ಯವಿಲ್ಲ. ನಮ್ಮ ವಿಮರ್ಶಕರು ಅಲ್ಲಿಂದ ಪಡೆದದ್ದು ಅಷ್ಟಿಷ್ಟಲ್ಲ. ಭಾಷಾವಿಜ್ಞಾನಕ್ಕೆ ಎಂಇಜಿ-04 ಇದೆ. ಬರಹ ಶುಷ್ಕವಾಗಿದ್ದರೂ ಧ್ವನಿಶಾಸ್ತ್ರವನ್ನು ಮೊದಲ ಬಾರಿಗೆ ಕಲಿಯುವವರಿಗೆ ಸಾಕಾಗುತ್ತದೆ.

ಕೊರತೆ ಎದ್ದು ಕಾಣುವುದು ಕೃತಿಗಳ ಆಯ್ಕೆಯಲ್ಲಿ. ನಾಟಕದ ಪತ್ರಿಕೆಯಾದ ಎಂಇಜಿ-02, ಬೆನ್ ಜಾನ್ಸನ್‌ನ 1610ರ 'ದಿ ಆಲ್ಕೆಮಿಸ್ಟ್' ಆದ ಮೇಲೆ ನೇರವಾಗಿ ಸಿಂಜ್‌ನ 1907ರ 'ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್'ಗೆ ಜಿಗಿಯುತ್ತದೆ. ಕಾಂಗ್ರೀವ್, ಗೋಲ್ಡ್‌ಸ್ಮಿತ್, ಶೆರಿಡನ್‌ರ ನಾಟಕಗಳಿಗೆ ಪ್ರತ್ಯೇಕ ಪಾಠವಿಲ್ಲ. ಕಾದಂಬರಿಯ ಪತ್ರಿಕೆ ಫೀಲ್ಡಿಂಗ್‌ನ 1749ರ 'ಟಾಮ್ ಜೋನ್ಸ್'ನಿಂದ ಆರಂಭವಾಗುವುದರಿಂದ ಡೆಫೋ, ರಿಚರ್ಡ್‌ಸನ್‌ರನ್ನು ಬೇರೆಡೆ ಓದಿಕೊಳ್ಳಬೇಕು. ಆಯ್ದ ಕೆಲವೇ ಕೃತಿಗಳನ್ನು ಆಳವಾಗಿ ಕಲಿಸುವುದು ಎಂ.ಎ. ತರಗತಿಗೆ ಸರಿಯಾದ ಕ್ರಮವೇ. ಪ್ರವೇಶ ಪರೀಕ್ಷೆಗಾದರೋ ಹರಹು ಬೇಕು. ಕೃತಿಗಳನ್ನು ಪ್ರಕಟಣೆಯ ಕಾಲಕ್ರಮದಲ್ಲಿ ಜೋಡಿಸುವ, ಲೇಖಕರನ್ನು ಕೃತಿಗಳೊಂದಿಗೆ ಹೊಂದಿಸುವ ಪ್ರಶ್ನೆಗಳಲ್ಲಿ ಒಂದು ಹೆಸರು ತಿಳಿಯದಿದ್ದರೂ ಇಡೀ ಉತ್ತರ ಕೈತಪ್ಪುತ್ತದೆ. 75 ಪ್ರಶ್ನೆಗಳು, ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ ಎಂಬ ಲೆಕ್ಕದಲ್ಲಿ ಊಹೆಯ ಮೇಲೆ ಉತ್ತರ ಗುರುತಿಸುವುದೂ ಅಪಾಯವೇ.

ಆದ್ದರಿಂದ ಈ ಪಾಠಗಳ ಜೊತೆಗೆ ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಒಂದು ಪುಸ್ತಕವನ್ನಿಟ್ಟುಕೊಂಡು, ವರ್ಷ, ಲೇಖಕ, ಕೃತಿಗಳ ಪಟ್ಟಿಯನ್ನು ಸ್ವತಃ ತಯಾರಿಸಿಕೊಳ್ಳುವುದು ಅನಿವಾರ್ಯ. ಬೇರೆಯವರ ಸಿದ್ಧ ಪಟ್ಟಿಗಳು ಅಗ್ಗಕ್ಕೆ ಸಿಗುತ್ತವಾದರೂ, ಕೈಯಾರೆ ಬರೆದುಕೊಂಡದ್ದು ನೆನಪಿನಲ್ಲಿ ನಿಲ್ಲುವಷ್ಟು ಅವು ನಿಲ್ಲುವುದಿಲ್ಲ. ಪಾಠಗಳ ಕೊನೆಯಲ್ಲಿರುವ ಪ್ರಶ್ನೆಗಳು ವಿವರಣಾತ್ಮಕವಾದವು. ಬಹು ಆಯ್ಕೆಯ ಪ್ರಶ್ನೆಗಳ ಅಭ್ಯಾಸಕ್ಕೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನೇ ನೆಚ್ಚಬೇಕು.

ಭಾರತೀಯ ಇಂಗ್ಲಿಷ್ ಸಾಹಿತ್ಯದ ಎಂಇಜಿ-07 ನಮ್ಮ ಓದುಗರಿಗೆ ಬೇಗ ಹತ್ತಿರವಾಗುವ ಪತ್ರಿಕೆ. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರ 1938ರ 'ಕಾಂತಾಪುರ'ವೂ ಬೆಂಗಳೂರಿನ ಮಹೇಶ್ ದತ್ತಾನಿಯವರ 'ತಾರಾ' ನಾಟಕವೂ ಇದರಲ್ಲಿವೆ. ಹೀಗಾಗಿ ಇದನ್ನು ಮೊದಲು ಓದಿ ಬಳಿಕ ವಿಮರ್ಶೆಗೆ ಹೋದರೆ ಆರಂಭದ ಅಳುಕು ಕಡಿಮೆಯಾಗುತ್ತದೆ.

ತಾಣದ ಬಳಕೆಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ವಿಭಾಗ, ಕೋರ್ಸು, ಬ್ಲಾಕು, ಯೂನಿಟ್ ಎಂದು ಹಲವು ಮೆಟ್ಟಿಲು ಇಳಿದ ಮೇಲೆ ಒಂದೊಂದು ಪಾಠವೂ ಪ್ರತ್ಯೇಕ ಪಿಡಿಎಫ್ ಆಗಿ ದೊರೆಯುತ್ತದೆ. ಇಳಿಸಿಕೊಂಡ ಕಡತಗಳಿಗೆ ಆಗಿಂದಾಗಲೇ ಹೆಸರು ಕೊಡದಿದ್ದರೆ ಹುಡುಕುವುದೇ ಒಂದು ಕೆಲಸವಾದೀತು. ಎಲ್ಲವನ್ನೂ ಮುದ್ರಿಸಿಕೊಳ್ಳುವ ಅಗತ್ಯವಿಲ್ಲ. ಎಂಇಜಿ-05ನ್ನು ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಸ್ಪೈರಲ್ ಬೈಂಡ್ ಮಾಡಿಸಿಕೊಂಡು, ಉಳಿದವನ್ನು ಮೊಬೈಲಿನಲ್ಲೇ ಓದಿದರೆ ಸಾಕು.