ಅಂಬರಿನೊಳಗಿನ ನುಸಿ ನೋಡಲು ಯಾವ ಮೈಕ್ರೋಸ್ಕೋಪ್? ಮೂರನ್ನೂ ಬಳಸಿ ನೋಡಿದೆ

ಅಂಬರ್ ಅಂದರೆ ಕೋಟ್ಯಂತರ ವರ್ಷ ಹಿಂದೆ ಮರದಿಂದ ಸುರಿದು ಕಲ್ಲಿನಂತಾದ ಅಂಟು. ಅದರಲ್ಲಿ ಸಿಕ್ಕಿಬಿದ್ದ ನುಸಿ, ಅಂದರೆ ಜೇಡದ ಬಳಗದ ಎಂಟು ಕಾಲಿನ ಪುಟ್ಟ ಜೀವಿ (ಮೈಟ್), ನೋಡುವುದು ನನ್ನ ಹವ್ಯಾಸ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಲೇಜು ಲ್ಯಾಬಿನಲ್ಲಿ ಇರುವಂಥ ಮಾಮೂಲಿ ಕಾಂಪೌಂಡ್ ಮೈಕ್ರೋಸ್ಕೋಪಿಗೆ. ಜೊತೆಗೆ ಒಂದು ಹನಿ ಗ್ಲಿಸರಿನ್. ಇಷ್ಟು ಗೊತ್ತಾಗುವ ಹೊತ್ತಿಗೆ ಒಂದಿಷ್ಟು ದುಡ್ಡೂ ಒಂದು ನುಸಿಯ ಕಾಲೂ ಹೋಗಿತ್ತು.

ದುಡ್ಡು ಹೋದದ್ದು ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಮೈಕ್ರೋಸ್ಕೋಪಿಗೆ. ಡಬ್ಬದ ಮೇಲೆ ಸಾವಿರ ಪಟ್ಟು ಎಂದು ಬರೆದಿತ್ತು, ನಂಬಿದೆ. ಬಾಲ್ಟಿಕ್ ಅಂಬರಿನ, ಅಂದರೆ ಯುರೋಪಿನ ಬಾಲ್ಟಿಕ್ ಸಮುದ್ರದ ಕಡೆ ಸಿಗುವ ಅಂಬರಿನ, ಒಂದು ಚೂರನ್ನು ಅದರ ಕೆಳಗೆ ಇಟ್ಟೆ. ಕಂದು ಚುಕ್ಕೆ ಕಾಣಿಸಿತು. ಇನ್ನೂ ದೊಡ್ಡದು ಮಾಡಿದೆ, ಕಂದು ಚುಕ್ಕೆಯೇ ದೊಡ್ಡದಾಯಿತು. ಎರಡು ವಾರ ಅದನ್ನೇ ನುಸಿ ಎಂದುಕೊಂಡು ನೋಟ್‌ಬುಕ್ಕಿನಲ್ಲಿ ಎಂಟು ಕಾಲು ಬೇರೆ ಬರೆದಿಟ್ಟಿದ್ದೆ. ಆಮೇಲೆ ನೋಡಿದರೆ ಅದು ಕೊಳೆ ಮೆತ್ತಿಕೊಂಡ ಗಾಳಿಗುಳ್ಳೆ! ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಸ್ಟೀರಿಯೋ ಮೈಕ್ರೋಸ್ಕೋಪ್ ಹಾಗಲ್ಲ. ಹುಡುಕುವ ಕೆಲಸಕ್ಕೆ ಅದನ್ನು ಬಿಟ್ಟರೆ ಇಲ್ಲ. ಎರಡೂ ಕಣ್ಣಿನಿಂದ ನೋಡುವುದರಿಂದ ಆಳ ತಿಳಿಯುತ್ತದೆ. ಕಲ್ಲನ್ನು ಬೆರಳಲ್ಲೇ ತಿರುಗಿಸಬಹುದು. ನುಸಿ ಒಂಟಿಯಾಗಿ ಬಿದ್ದಿದೆಯೋ, ನೊಣದ ಮೈಗೆ ಅಂಟಿಕೊಂಡಿದೆಯೋ ಕೂಡಲೇ ಕಾಣುತ್ತದೆ. ಹುಡುಕುವುದಕ್ಕೆ ಬೇಕಾದ ತಾಳ್ಮೆ ಮಾತ್ರ ಯಂತ್ರದ ಜೊತೆ ಬರುವುದಿಲ್ಲ. ಇಟಲಿಯ ಡಾಲಮೈಟ್ ಬೆಟ್ಟಗಳಲ್ಲಿ ಸಿಕ್ಕ 23 ಕೋಟಿ ವರ್ಷ ಹಳೆಯ ಅಂಬರಿನ ಸುಮಾರು 70,000 ಹನಿಗಳನ್ನು ಜಾಲಾಡಿದವರಿಗೆ ಸಿಕ್ಕಿದ್ದು ಎರಡು ನುಸಿ, ಒಂದು ನೊಣ. 2012ರಲ್ಲಿ ಪ್ರಕಟವಾದ ವಿಷಯ ಇದು. ನನಗೆ ಒಂದು ಸಂಜೆಗೆ ಮೂವತ್ತು ಚೂರು ನೋಡುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಆದರೆ ನುಸಿ ಸಿಕ್ಕ ಮೇಲೆ ಸ್ಟೀರಿಯೋ ಕೈಕೊಡುತ್ತದೆ. ನನಗೆ ಸಿಕ್ಕಿದ್ದು ಒರಿಬಾಟಿಡ್ ಗುಂಪಿನದು, ಅಂದರೆ ತರಗೆಲೆ, ಪಾಚಿ, ಮಣ್ಣಿನಲ್ಲಿ ಬದುಕುವ ಗಟ್ಟಿ ಚಿಪ್ಪಿನ ಜಾತಿ. ಅರ್ಧ ಮಿಲಿಮೀಟರೂ ಇಲ್ಲ. ಇದು ಯಾವ ಕುಲದ್ದು ಎಂದು ಹೇಳಬೇಕಾದರೆ ಕೂದಲು ಎಣಿಸಬೇಕು. ತಲೆಯ ಹಿಂದೆ ಬಟ್ಟಲಿನಂಥ ಎರಡು ಗುಳಿಗಳಿಂದ ಎದ್ದ ಕೂದಲಿನ ತುದಿ ದಪ್ಪಗಿದೆಯೋ ನೂಲಿನಂತಿದೆಯೋ ನೋಡಬೇಕು. ಕಾಲಿನ ತುದಿಯಲ್ಲಿ ಉಗುರು ಒಂದೋ ಮೂರೋ ನೋಡಬೇಕು. ಸ್ಟೀರಿಯೋದಲ್ಲಿ ಇದೆಲ್ಲ ಬರೀ ಮಿನುಗು.

ಕಾಂಪೌಂಡ್ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಕೆಳಗಿನ ಬೆಳಕಿನ ಜೊತೆ ಪಕ್ಕದಿಂದ ಒಂದು ಸಣ್ಣ ಎಲ್‌ಇಡಿ ಬೇಕು, ಅಷ್ಟೇ. ಕಲ್ಲಿನ ಮೇಲಿನ ಗೀರು, ಉಬ್ಬುತಗ್ಗು ಬೆಳಕನ್ನು ಅಡ್ಡಾದಿಡ್ಡಿ ಬಾಗಿಸುತ್ತವಲ್ಲ, ಅದಕ್ಕೆ ಗ್ಲಿಸರಿನ್. ಅಂಬರಿನ ವಕ್ರೀಭವನ ಸೂಚಿ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.54ರ ಆಸುಪಾಸು, ಗ್ಲಿಸರಿನ್ನಿನದು 1.47. ಎರಡೂ ಹತ್ತಿರ ಇರುವುದರಿಂದ ಹನಿ ಹಾಕಿ ಮೇಲೆ ತೆಳು ಗಾಜು ಮುಚ್ಚಿದರೆ ಗೀರುಗಳು ಮಾಯ. ಗಟ್ಟಿ ಸಕ್ಕರೆ ಪಾಕ ಇನ್ನೂ ಸ್ವಲ್ಪ ಹತ್ತಿರ, ಅದನ್ನೂ ನೋಡಿದೆ. ಒಣಗಿದಾಗ ಹರಳುಗಟ್ಟಿತು. ಇರುವೆಯೂ ಬಂತು. ಅಂಟಿನಲ್ಲಿ ಸಿಕ್ಕಿಬಿದ್ದವರನ್ನು ನೋಡಲು ಕೂತವನ ಮುಂದೆ ಇನ್ನೊಂದು ಸಿಕ್ಕಿಬಿತ್ತು. ಗ್ಲಿಸರಿನ್ ಆದರೆ ನೀರಲ್ಲಿ ತೊಳೆದರೆ ಮುಗಿಯಿತು. ಸ್ಪಿರಿಟ್, ಅಸಿಟೋನ್ ಮಾತ್ರ ಹತ್ತಿರ ತರಬೇಡಿ, ಕಲ್ಲಿನ ಮೈ ಕೆಡುತ್ತದೆ.

ಇನ್ನು ಕಾಟ ಕೊಟ್ಟ ವಿಷಯ. 40 ಪಟ್ಟಿನ ಲೆನ್ಸ್ ಫೋಕಸ್ ಆಗುವುದು ತನ್ನ ಮೂತಿಯಿಂದ ಅರ್ಧ ಮಿಲಿಮೀಟರ್ ಆಸುಪಾಸಿನಲ್ಲಿ. ನನ್ನ ನುಸಿ ಇದ್ದದ್ದು ಮೂರು ಮಿಲಿಮೀಟರ್ ಆಳದಲ್ಲಿ. ಲೆನ್ಸ್ ಇಳಿಸುತ್ತಾ ಹೋದರೆ ಟಕ್ ಎಂದು ಗಾಜಿಗೆ ತಾಗುತ್ತದೆ, ನುಸಿ ಮಾತ್ರ ಮಬ್ಬಾಗೇ ಇರುತ್ತದೆ. 10 ಪಟ್ಟಿನದು ಆರಾಮಾಗಿ ತಲುಪುತ್ತದೆ, ಆದರೆ ಉಗುರು ಎಣಿಸಲು ಅದು ಸಾಲದು.

ಹಾಗಾಗಿ ಕಲ್ಲನ್ನೇ ಉಜ್ಜಿ ಇಳಿಸಬೇಕು. ಅಂಬರ್ ಮೆತ್ತಗಿನ ವಸ್ತು, ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ 2ರಿಂದ 2.5. ನೀರು ಹಾಕಿಕೊಂಡು ಎಮರಿ ಪೇಪರಿನ ಮೇಲೆ ತಿಕ್ಕಿದರೆ ಸುಲಭವಾಗಿ ಸವೆಯುತ್ತದೆ. ಸುಲಭ ಅನ್ನುವುದೇ ಅಪಾಯ. ಮೊದಲು ಯಾವ ಬದಿ ಎಂದು ನೋಡಿಕೊಳ್ಳಿ. ಬಾಲ್ಟಿಕ್ ಅಂಬರಿನಲ್ಲಿ ಎಷ್ಟೋ ಸಲ ಹುಳದ ಒಂದು ಬದಿಗೆ ಹಾಲಿನಂಥ ಬಿಳಿ ಪೊರೆ ಇರುತ್ತದೆ. ಆ ಬದಿಯಿಂದ ಉಜ್ಜಿದರೆ ಶ್ರಮ ದಂಡ.

ಆಮೇಲೆ ಆಳದ ಲೆಕ್ಕ. ಕೆರೆಯ ನೀರಿನಲ್ಲಿ ಕಲ್ಲು ಮೇಲೆದ್ದಂತೆ ಕಾಣುತ್ತದಲ್ವಾ, ಅಂಬರಿನಲ್ಲೂ ಹಾಗೇ. ಒಣ ಕಲ್ಲಿನಲ್ಲಿ ಒಂದು ಮಿಲಿಮೀಟರ್ ಆಳ ಎಂದು ಕಂಡದ್ದು ನಿಜಕ್ಕೆ ಒಂದೂವರೆ. ಈ ಲೆಕ್ಕ ನನಗೆ ಗೊತ್ತಿತ್ತು, ಅದೇ ಧೈರ್ಯದಲ್ಲಿ ಉಜ್ಜಿದೆ. ಆದರೆ ಅಳೆದದ್ದು ನುಸಿಯ ಬೆನ್ನಿನ ಆಳ. ಮುಂದಿನ ಎಡಗಾಲು ಮೇಲಕ್ಕೆ ಚಾಚಿಕೊಂಡಿತ್ತು, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೇಲಾಗಿ ಕೈ ಸ್ವಲ್ಪ ವಾಲಿತ್ತು. ಮತ್ತೆ ನೋಡುವಾಗ ಕಾಲಿನ ಅರ್ಧ ಪೇಪರಿನ ಪಾಲಾಗಿತ್ತು. ಕೋಟ್ಯಂತರ ವರ್ಷ ಉಳಿದು ಬಂದದ್ದು ನನ್ನ ಕೈಯಲ್ಲಿ ಎರಡು ನಿಮಿಷ ಉಳಿಯಲಿಲ್ಲ. ಈಗ ಹತ್ತು ಸಲ ಉಜ್ಜಿದರೆ ಒಂದು ಸಲ ಮೈಕ್ರೋಸ್ಕೋಪಿಗೆ ಓಡುತ್ತೇನೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಬಿರುಕುಬಿಟ್ಟ ಕಲ್ಲಾದರೆ ಎಪಾಕ್ಸಿಯಲ್ಲಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಹುದುಗಿಸಿ ಆಮೇಲೆ ಉಜ್ಜುವುದು ಒಳ್ಳೆಯದು.

ಎಕ್ಸ್‌ರೇ ಸಿ.ಟಿ. ಸ್ಕ್ಯಾನ್ ಇದ್ದರೆ ಇಷ್ಟೆಲ್ಲ ಬೇಡವೇ ಬೇಡ. ಬಾಲ್ಟಿಕ್ ಅಂಬರಿನಲ್ಲಿ ಜೇಡದ ಬೆನ್ನೇರಿ ಕೂತಿದ್ದ 176 ಮೈಕ್ರೋಮೀಟರಿನ, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗವೂ ಇಲ್ಲದ, ನುಸಿಯನ್ನು ವಿಜ್ಞಾನಿಗಳು ನೋಡಿದ್ದು ಹಾಗೆ. ಜೇಡಕ್ಕೆ ಅಂಟಿಕೊಂಡ ಹೊಟ್ಟೆಯ ಭಾಗವನ್ನೂ ಕಂಪ್ಯೂಟರಿನಲ್ಲೇ ಬಿಡಿಸಿ ನೋಡಿದರು. ಅದು ನನ್ನ ಜೇಬಿಗೆ ಎಟುಕುವ ಮಾತಲ್ಲ.

ವಾರಕ್ಕೆ ಎರಡು ಸಂಜೆ ಕೂರುವವನು ನಾನು. ಕೊಂಡದ್ದು ಸೆಕೆಂಡ್ ಹ್ಯಾಂಡ್ ಕಾಂಪೌಂಡ್ ಮೈಕ್ರೋಸ್ಕೋಪ್. ಹುಡುಕಲು ಸ್ನೇಹಿತರ ಸ್ಟೀರಿಯೋ ಎರವಲು ತರುತ್ತೇನೆ, 4 ಪಟ್ಟಿನ ಲೆನ್ಸಿನಲ್ಲೂ ಹೇಗೋ ಹುಡುಕಬಹುದು. ಒಂದೇ ಕೊಳ್ಳುವ ದುಡ್ಡಿದ್ದು, ಕಲ್ಲು ಉಜ್ಜುವ ತಾಳ್ಮೆ ಇಲ್ಲ ಎನ್ನುವವರು ಸ್ಟೀರಿಯೋ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಅಂದಹಾಗೆ ಆ ನುಸಿಯ ಬಲಗಾಲು ನೆಟ್ಟಗಿತ್ತು. ಉಗುರು ಮೂರು.