ಏಳು ವರ್ಷ ಮಾಸ್-36 ಜೊತೆ: ಕೋವಿ ಗಟ್ಟಿ, ತೋಟಾದ್ದೇ ತಲೆನೋವು

ನಾನು ಕೊಡಗಿನವನು, ಈಗ ಹ್ಯೂಸ್ಟನ್ ವಾಸಿ. ಗ್ರೀನ್ ಕಾರ್ಡ್ ಕೈಗೆ ಬಂದ ವರ್ಷವೇ ಈ ಕೋವಿ ಕೊಂಡೆ. ಫ್ರೆಂಚ್ ಸೈನ್ಯದ ಹಳೇ ಮಾಲು, ಸೇಂತ್-ಎತಿಯೆನ್ ಕಾರ್ಖಾನೆಯದ್ದು. ಎಲ್ಲರೂ ಜರ್ಮನಿಯ ಮೌಸರ್, ಬ್ರಿಟನ್ನಿನ ಎನ್‌ಫೀಲ್ಡ್ ಕೋವಿಗಳ ಹಿಂದೆ ಬಿದ್ದಿದ್ದರು. ಇದು ಅಂಗಡಿಯ ಮೂಲೆಯಲ್ಲಿ ಕಪ್ಪು ಬಣ್ಣ ಬಳಿದುಕೊಂಡು ಸುಮ್ನೆ ನಿಂತಿತ್ತು.

ನೋಡಲು ಚಂದ ಇಲ್ಲ, ಒಪ್ಪುತ್ತೇನೆ. ತೋಟಾ ಒಳಗೆ ತಳ್ಳಿ ಮುಚ್ಚುವ ಬೋಲ್ಟಿನ ಹಿಡಿಯನ್ನು ಯಾರೋ ಸಿಟ್ಟಿನಲ್ಲಿ ಮುಂದಕ್ಕೆ ಬಗ್ಗಿಸಿದ ಹಾಗಿದೆ. ಆದರೆ ಕೈ ಸರಿಯಾಗಿ ಅಲ್ಲೇ ಹೋಗುತ್ತದೆ. ನಳಿಗೆಯ ಕೆಳಗೆ ಒಂದು ಕೊಳವೆ, ಅದರೊಳಗೆ ದಬ್ಬಳದಂಥ ಬಯೊನೆಟ್ (ಕೋವಿಯ ತುದಿಗೆ ಸಿಕ್ಕಿಸುವ ಈಟಿ) ತಲೆಕೆಳಗಾಗಿ ಮಲಗಿರುತ್ತದೆ. ಬಂದ ನೆಂಟರೆಲ್ಲ ಮೊದಲು ಎಳೆದು ನೋಡುವುದು ಅದನ್ನೇ. ಬೋಲ್ಟ್ ಬಿಚ್ಚಲು ಸ್ಕ್ರೂಡ್ರೈವರ್ ಬೇಕಿಲ್ಲ. ಹಿಂದಿನ ಗುಂಡಿ ಒತ್ತಿ ತಿರುಗಿಸಿದರೆ ಸ್ಪ್ರಿಂಗ್ ಸಮೇತ ಕೈಗೆ ಬರುತ್ತದೆ.

ಸೇಫ್ಟಿ (ತಪ್ಪಿ ಗುಂಡು ಹಾರದಂತೆ ತಡೆಯುವ ಕೀಲಿ) ಇಲ್ಲ. ಇಲ್ಲವೇ ಇಲ್ಲ. ಗುಂಡು ಹಾರಿಸುವ ಹೊತ್ತು ಬರುವ ತನಕ ತೋಟಾ ಕೂರುವ ಛೇಂಬರ್ ಖಾಲಿ ಇರಲಿ ಅನ್ನುವುದು ಫ್ರೆಂಚರ ಲೆಕ್ಕ. ರೇಂಜಿನಲ್ಲಿ ಇದರಿಂದ ತೊಂದರೆ ಏನಿಲ್ಲ. ಬೇಟೆಗೆ ಒಯ್ಯುವವರು ಯೋಚಿಸಿ. ಭುಜಕ್ಕೆ ಒತ್ತಿ ಹಿಡಿಯುವ ಹಿಂದಿನ ಮರವೂ ಗಿಡ್ಡ. ಮೊದಲ ದಿನ ನನ್ನ ಹೆಬ್ಬೆರಳು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಮರದ ತುದಿಗೆ ರಬ್ಬರ್ ಪ್ಯಾಡ್ ಹಾಕಿದ ಮೇಲೆ ಆ ಕಾಟ ತಪ್ಪಿತು.

ಗುರಿ ನೋಡುವ ಹಿಂದಿನ ಸೈಟ್ 200 ಮೀಟರಿನಿಂದ ಶುರು. ಹಾಗಾಗಿ 100 ಗಜದಲ್ಲಿ ಗುಂಡು ಮೇಲೆ ಹೋಗುತ್ತದೆ. ಎಡ-ಬಲ ಸರಿಪಡಿಸಲು ತಿರುಪು ಇಲ್ಲ, ತೂತು ಕೊಂಚ ಆಚೀಚೆ ಇರುವ ಬೇರೆ ಸೈಟ್ ಪಟ್ಟಿ ಹುಡುಕಬೇಕು. ನನಗೆ ಸರಿಯಾದದ್ದು ಸಿಗಲು ಎರಡು ವರ್ಷ ಹಿಡಿಯಿತು. ಗುಂಡು ಎಡಕ್ಕೆ ಹೋಗುತ್ತಿತ್ತು, ಅಲ್ಲಿವರೆಗೆ ಗುರಿಯ ಬಲಗಡೆ ನೋಡಿ ಹೊಡೆಯುತ್ತಿದ್ದೆ.

ಈಗ ತೋಟಾದ ಮಾತು. ಆನೆ ತರುವುದು ಸುಲಭ, ಸಾಕುವುದು ಕಷ್ಟ ಅಂತಾರಲ್ಲ, ಹಾಗೆ. ಇದು 7.5x54 ಫ್ರೆಂಚ್ ತೋಟಾ, ಅಂದರೆ ಗುಂಡು ಸುಮಾರು 7.5 ಮಿ.ಮೀ. ದಪ್ಪ, ಮದ್ದು ತುಂಬುವ ಚಿಪ್ಪು 54 ಮಿ.ಮೀ. ಉದ್ದ. 1924ರಲ್ಲಿ ಬಂದಾಗ ಚಿಪ್ಪು 58 ಮಿ.ಮೀ. ಇತ್ತು. ಮೊರೊಕ್ಕೊದಲ್ಲಿ ಅದೇ ತೋಟಾ ಬಳಸುವ ಫ್ರೆಂಚ್ ಮೆಷಿನ್‌ಗನ್‌ಗೆ ಜರ್ಮನ್ 8 ಎಂಎಂ ಮೌಸರ್ ತೋಟಾ ಹೋಗಿ ಕೂತು ಅವಘಡಗಳಾದವು. ಅದಕ್ಕೇ 1929ರಲ್ಲಿ 54ಕ್ಕೆ ಇಳಿಸಿದರು.

ಆಸೆಗೆ ಬಿದ್ದು ನಾನು ಮೊದಲು ಕೊಂಡದ್ದು ಅಗ್ಗದ ಹಳೇ ಮಿಲಿಟರಿ ತೋಟಾ, ಅದೂ ಫ್ರಾನ್ಸಿನದ್ದಲ್ಲ. ಕೋವಿಯ ಕುದುರೆ (ಟ್ರಿಗರ್) ಎಳೆದೆ. ಟಿಕ್. ಏನೂ ಇಲ್ಲ. ಬೋಲ್ಟ್ ಎತ್ತಬೇಕು ಅನ್ನುವಷ್ಟರಲ್ಲಿ ಢಂ! ಕೈ ಬೋಲ್ಟಿನ ಹಿಡಿಯ ಮೇಲಿತ್ತಷ್ಟೇ, ಇನ್ನೂ ಎತ್ತಿರಲಿಲ್ಲ, ಪುಣ್ಯ. ಅವತ್ತಿನಿಂದ ಟಿಕ್ ಅಂದರೆ ನಳಿಗೆ ಮಣ್ಣಿನ ದಿಬ್ಬದ ಕಡೆಗೇ ಹಿಡಿದು ಒಂದು ನಿಮಿಷ ಎಣಿಸುತ್ತೇನೆ. ಇಪ್ಪತ್ತರಲ್ಲಿ ಮೂರು ಹೀಗೆ ಮಾಡಿದವು. ಮೇಲಾಗಿ ಇಂಥ ಹಳೇ ತೋಟಾದ ಪ್ರೈಮರಿನಿಂದ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ನಳಿಗೆಯಲ್ಲಿ ಉಪ್ಪಿನಂಶ ಉಳಿಯುವುದುಂಟು. ಹ್ಯೂಸ್ಟನ್ ಸೆಕೆಗೆ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು. ಎಣ್ಣೆ ಹಚ್ಚಿದರೆ ಸಾಲದು, ಮೊದಲು ಬಿಸಿನೀರು ಸುರಿದು ತೊಳೆಯಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕೋವಿ ಸಾಕಿದವರಿಗೆ ಇದೇನು ಹೊಸದಲ್ಲ.

ಈಗ ಸರ್ಬಿಯಾದ ಪ್ರ್ವಿ ಪಾರ್ಟಿಜಾನ್‌ನ ಹೊಸ ತೋಟಾ ಬಳಸುತ್ತೇನೆ, 139 ಗ್ರೇನ್ (ಸುಮಾರು 9 ಗ್ರಾಂ) ತೂಕದ ಗುಂಡು. ಬೆಲೆ ಜಾಸ್ತಿ. ಆದರೆ ಇವತ್ತಿನವರೆಗೆ ಒಂದೂ ಕೈಕೊಟ್ಟಿಲ್ಲ, ಖಾಲಿ ಚಿಪ್ಪನ್ನು ಮತ್ತೆ ತುಂಬಲೂಬಹುದು. ಹಳೇ ತೋಟಾಗಳು ಹೆಚ್ಚಾಗಿ ಬರ್ಡನ್ ಎಂಬ ಬಗೆಯ ಪ್ರೈಮರಿನವು, ಮನೆಯಲ್ಲಿ ತುಂಬುವವರಿಗೆ ಅವು ತಲೆಬೇನೆ. ಚಿಪ್ಪು ಸಿಗದಿದ್ದರೆ 6.5x55 ಸ್ವೀಡಿಷ್ ಚಿಪ್ಪನ್ನು ತಿದ್ದಿಕೊಳ್ಳುವವರೂ ಇದ್ದಾರೆ. ನಾನು ಆ ಗೋಜಿಗೆ ಹೋಗಿಲ್ಲ.

ಗೆಳೆಯನ ಹತ್ತಿರ ಇದರ ತಮ್ಮ, ಮಾಸ್ 49/56 ಇದೆ. ಸೆಮಿ ಆಟೊಮ್ಯಾಟಿಕ್, ಅಂದರೆ ಪ್ರತಿ ಗುಂಡಿನ ನಂತರ ಮುಂದಿನ ತೋಟಾ ತಾನೇ ಏರಿಸಿಕೊಳ್ಳುತ್ತದೆ. ಅದರ ಫೈರಿಂಗ್ ಪಿನ್ (ಪ್ರೈಮರಿಗೆ ಬಡಿಯುವ ಮೊಳೆ) ಸ್ಪ್ರಿಂಗ್ ಇಲ್ಲದೆ ತೇಲುತ್ತದೆ. ಮೆತ್ತಗಿನ ಪ್ರೈಮರ್ ಇದ್ದರೆ ಬೋಲ್ಟ್ ಮುಚ್ಚಿದೊಡನೆ ತಾನೇ ಹಾರಬಹುದು. ಹಗುರವಾದ ಪಿನ್ ಹಾಕಿಸದೆ ಹೊಸ ತೋಟಾ ಅದಕ್ಕೆ ತುಂಬಬೇಡಿ.

ಪ್ರತಿ ಕೈಲ್‌ಪೊಳ್ದ್‌ಗೆ (ಕೊಡವರ ಆಯುಧ ಪೂಜೆಯ ಹಬ್ಬ) ಮಾಸ್-36 ಅನ್ನೂ ತೊಳೆದು ಪೂಜೆಗೆ ಇಡುತ್ತೇನೆ. ಕೋವಿಗೆ ಇಡುವ ತೋಕ್ ಪೂ ಹೂವು ಇಲ್ಲಿ ಸಿಗುವುದಿಲ್ಲ, ನಳಿಗೆಗೆ ಚೆಂಡು ಹೂವೇ ಗತಿ. ಇನ್ನೊಂದು ಮಾಸ್-36 ಕಂಡರೆ ಕೊಳ್ಳುತ್ತೀಯಾ ಅಂತ ಅಣ್ಣ ಫೋನಿನಲ್ಲಿ ಕೇಳಿದ. ಕೊಳ್ಳುತ್ತೇನೆ ಅಂದೆ, ಆದರೆ ಮೊದಲು ಎರಡು ಪೆಟ್ಟಿಗೆ ತೋಟಾ, ಆಮೇಲೆ ಕೋವಿ.