ನಾಯಿ ಕಕ್ಕದ ಡ್ರಮ್: ಹದಿನಾಲ್ಕು ತಿಂಗಳಾದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಒಂದೇ ನಾಯಿ ಇದ್ದರೆ ನಾಯಿ ಕಕ್ಕವನ್ನು ಗೊಬ್ಬರ ಮಾಡುವ ಈ ಡ್ರಮ್ ತಗೋಬೇಡಿ. ನಾನು ತಗೊಂಡೆ, ಆರು ತಿಂಗಳು ಬೈದುಕೊಂಡೇ ಕಳೆದೆ.

100 ಲೀಟರಿನ ಡ್ರಮ್. ಮುಚ್ಚಳ, ಗಾಳಿ ತೂತು, ಕೆಳಗೊಂದು ನಲ್ಲಿ, ಅಷ್ಟೇ. ಮೊದಲೆಲ್ಲ ನಮ್ಮ ನಾಯಿ ಗುಂಡನದ್ದನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಕಸದ ಆಟೋಗೆ ಕೊಡುತ್ತಿದ್ದೆ. ಆ ಕವರನ್ನು ಕೈಯಲ್ಲಿ ಹಿಡಿಯುವಾಗ ಆಟೋದ ಅಕ್ಕನ ಮುಖ ನೋಡಲಾಗದೆಯೇ ಇದನ್ನು ತರಿಸಿದ್ದು.

ಬೆಳಿಗ್ಗೆ ಆರಕ್ಕೆ ಮಲ್ಲೇಶ್ವರದ ನಮ್ಮ ಕ್ರಾಸ್‌ನಲ್ಲಿ ಒಂದು ಸುತ್ತು. ಜೇಬಲ್ಲಿ ಹಳೇ ಪೇಪರ್ ಚೂರು. ಗುಂಡ ಹೊಂಗೆ ಮರದ ಬುಡದಲ್ಲಿ ಮೂರು ಸಲ ಗಿರಗಿರ ಸುತ್ತಿ, ನನ್ನ ಮುಖವನ್ನೇ ನೋಡುತ್ತಾ ಕೆಲಸ ಮುಗಿಸುತ್ತಾನೆ. ಪೇಪರ್ ಸಮೇತ ಎತ್ತಿ ತಂದು ಡ್ರಮ್‌ಗೆ ಹಾಕಿ, ಮೇಲೆ ತೆಂಗಿನ ಚಿಪ್ಪಲ್ಲಿ ಒಂದು ಚಿಪ್ಪು ಮರದ ಹೊಟ್ಟು. ಆಮೇಲೆ ಕಾಫಿ.

30 ದಿನದಲ್ಲಿ ಗೊಬ್ಬರ ಅಂದಿದ್ದರು ಮಾರಿದವರು. ಮೂವತ್ತನೇ ದಿನ ತೆಗೆದು ನೋಡಿದರೆ ಹಾಕಿದ್ದು ಹಾಕಿದ ಹಾಗೇ ಇತ್ತು, ಮೇಲೆ ಸ್ವಲ್ಪ ಬೂಸಲು. ಉದ್ದ ಕಡ್ಡಿಯ ಥರ್ಮಾಮೀಟರ್ ತರಿಸಿ ಚುಚ್ಚಿದೆ. 27 ಡಿಗ್ರಿ. ಹೊರಗಿನ ಗಾಳಿಯೂ ಅಷ್ಟೇ! ವಿಷಯ ಏನಪ್ಪಾ ಅಂದರೆ, ಕಣ್ಣಿಗೆ ಕಾಣದ ಜೀವಿಗಳು ಹುಟ್ಟಿಸುವ ಬಿಸಿ ಗುಡ್ಡೆಯೊಳಗೇ ಉಳಿಯಬೇಕು. ಅದಕ್ಕೆ ಸುಮಾರು ಒಂದು ಮೀಟರ್ ಉದ್ದ, ಅಗಲ, ಎತ್ತರದ ಗುಡ್ಡೆ ಇದ್ದರೆ ಒಳ್ಳೆಯದು. ನನ್ನ ಡ್ರಮ್ ಅದರ ಹತ್ತನೇ ಒಂದು ಭಾಗ, ಅದೂ ತಳದಲ್ಲಿ ಒಂದಿಷ್ಟು.

ಮಳೆಗಾಲದಲ್ಲಿ ಮುಚ್ಚಳದ ಸಂದಿಯಿಂದ ನೀರು ಇಳಿದು ಹುಳ ಆಯಿತು. ವಾಸನೆ ಕೇಳಬೇಡಿ. ಮೇಲಿನ ಮನೆ ಆಂಟಿ ಬಾಲ್ಕನಿಯಿಂದಲೇ, "ನಿಮ್ಮ ನಾಯಿ ಶೋಕಿಗೆ ನಾವ್ಯಾಕಪ್ಪಾ ಮೂಗು ಮುಚ್ಕೊಂಡು ಬದುಕಬೇಕು?" ಅಂದರು. ನ್ಯಾಯವೇ ಅಲ್ವಾ.

ಓಎಲ್‌ಎಕ್ಸ್‌ಗೆ ಹಾಕಿಬಿಡೋಣ ಅಂತಿದ್ದಾಗ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಬಗ್ಗೆ ಓದಿದೆ. ಅಲ್ಲಿ ಹಿಮದ ಬಂಡಿ ಎಳೆಯುವ ನಾಯಿ ಸಾಕಿದವರು ಎರಡು ಪಾಲು ಕಕ್ಕಕ್ಕೆ ಒಂದು ಪಾಲು ಮರದ ಹೊಟ್ಟು ಬೆರೆಸಿ ಗುಡ್ಡೆಯ ಬಿಸಿಯನ್ನು 63 ಡಿಗ್ರಿವರೆಗೆ ಏರಿಸಿದ್ದರಂತೆ. ಅವರ ಹತ್ತಿರ ಹಿಂಡು ನಾಯಿಗಳಿದ್ದವು. ನನ್ನ ಹತ್ತಿರ ಗುಂಡ ಒಬ್ಬನೇ. ಸರಿ, ನಾಚಿಕೆ ಬಿಟ್ಟು ಎದುರು ಮನೆ ಲ್ಯಾಬ್ರಡಾರ್ ಮತ್ತು ಮೂಲೆ ಮನೆಯ ಎರಡು ನಾಯಿಗಳದ್ದನ್ನೂ ಕೇಳಿಕೊಂಡೆ. (ಲ್ಯಾಬ್ರಡಾರ್ ಒಂದೇ ಸಾಕು, ಅದರ ಕೊಡುಗೆ ಅಪಾರ.) ಫೆಬ್ರವರಿಯಲ್ಲಿ ಹೊಂಗೆ ಎಲೆ ಉದುರಿದಾಗ ರಸ್ತೆ ಗುಡಿಸುವವರಿಂದ ಎರಡು ಮೂಟೆ ಇಸಿದುಕೊಂಡೆ. ಎಲ್ಲ ಒಟ್ಟಿಗೆ ಕಲಸಿ, ಡ್ರಮ್ ತುಂಬಿಸಿ, ಹಿಂಡಿದರೆ ಒಂದೆರಡು ಹನಿ ಬರುವಷ್ಟೇ ನೀರು ಚಿಮುಕಿಸಿ, ಸುತ್ತ ಗೋಣಿಚೀಲ ಕಟ್ಟಿದೆ.

ಐದನೇ ಬೆಳಿಗ್ಗೆ 54 ಡಿಗ್ರಿ! ಮುಚ್ಚಳ ತೆಗೆದರೆ ಹಬೆ. ಮಳೆ ಬಿದ್ದ ಮಣ್ಣಿನ ಹಾಗೆ ವಾಸನೆ. ಕಾಫಿ ಮರೆತು ಅಲ್ಲೇ ನಿಂತಿದ್ದೆ. ಅವತ್ತಿಂದ ದಿನಾ ಥರ್ಮಾಮೀಟರ್ ಮುಳ್ಳು ನೋಡದೆ ನನಗೆ ಬೆಳಗಾಗುವುದಿಲ್ಲ. ಇಳಿದರೆ ಕೆದಕುತ್ತೇನೆ, ಮತ್ತೆ ಏರುತ್ತದೆ. ಈಗ ಆಂಟಿಯೇ ಮೇಲಿಂದ ಕೇಳುತ್ತಾರೆ, "ಏನಪ್ಪಾ, ಇವತ್ತು ಜ್ವರ ಎಷ್ಟಿದೆ?"

ನಲ್ಲಿ ಎರಡು ಸಲ ಸೋರಿತು, ಹಾರ್ಡ್‌ವೇರ್ ಅಂಗಡಿಯದ್ದು ಹಾಕಿಸಿದ್ದೇನೆ. ಡ್ರಮ್‌ಗೆ ಎರಡು ಸ್ಟಾರ್, ಥರ್ಮಾಮೀಟರ್‌ಗೆ ಐದು. ಬಂದ ಗೊಬ್ಬರವೆಲ್ಲ ದಾಸವಾಳಕ್ಕೆ, ಹೊಂಗೆ ಬುಡಕ್ಕೆ. ತಿನ್ನುವ ಗಿಡಕ್ಕೆ ಮಾತ್ರ ಹಾಕಬೇಡಿ. ನಾಯಿ ಹೊಟ್ಟೆಯ ದುಂಡುಹುಳದ ಮೊಟ್ಟೆ ಬಲು ಗಟ್ಟಿ, ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ನನ್ನ 54 ಡಿಗ್ರಿಗೆ ಎಲ್ಲಾ ಸತ್ತಿರುತ್ತವೆ ಅಂತ ನಂಬುವ ಹಾಗಿಲ್ಲ. ಕರಿಬೇವಿನ ಕುಂಡಕ್ಕೆ ಒಂದು ಚೀಲ ಕೊಡಪ್ಪಾ ಅಂದ ಆಂಟಿಗೆ ಇದನ್ನೇ ಹೇಳಿದೆ. ಒಂದು ವಾರದಿಂದ ಜ್ವರ ವಿಚಾರಿಸಿಲ್ಲ.